ಇಲ್ಲ ಎನ್ನಲು ಬಾರದವನ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಕುಲಾವಿ ಇದೆ. ನಗಬೇಕೆನ್ನಿಸಿದರೆ ನಗಿ, ನನಗೇನೂ ಬೇಸರವಿಲ್ಲ. ಈಚೆಗೆ ಯಾವುದಕ್ಕೂ ಬೇಸರವಾಗದಂಥ ಒಂದು ಕಾಯಿಲೆ ನನಗೆ ಹತ್ತಿದೆ. ಬೆಳಿಗ್ಗೆ ಹಲ್ಲುಜ್ಜುವಾಗಲೂ ಒಳಗಿನಿಂದ ಏನೋ ಉಕ್ಕಿ ಬಂದು, ಬೇವಿನ ಕಡ್ಡಿ ಬಾಯಲ್ಲಿರುವಾಗಲೇ ನಕ್ಕುಬಿಡುತ್ತೇನೆ. ಈ ಕುಲಾವಿಯನ್ನು ನನ್ನ ಹೆಂಡತಿ ಪುಟ್ಟಮ್ಮ ಹಣೆದದ್ದು ಮಳವಳ್ಳಿಯ ಮಗಳ ಮನೆಯಲ್ಲಿ ಹುಟ್ಟಿದ ಮರಿಮಗುವಿಗಾಗಿ. ಅವಳ ಕಣ್ಣಿಗೂ ಉಲ್ಲನ್ನಿಗೂ ಅಳತೆಯ ವಿಷಯದಲ್ಲಿ ಒಮ್ಮತ ಮೂಡದೆ, ಹಣೆದು ಮುಗಿದಾಗ ಅದು ಯಾವ ಮನುಷ್ಯಶಿಶುವಿಗೂ ಆಗದ, ಆದರೆ ಕಂಪ್ಯೂಟರಿನ ಗಾಜಿಗೆ ಅಚ್ಚುಕಟ್ಟಾಗಿ ಕೂರುವ ವಸ್ತುವಾಗಿತ್ತು. ಹಳದಿ ಬಣ್ಣ, ಮೇಲೊಂದು ಗೊಂಡೆ. ಹೀಗೆ ನಾವು ಆ ಯಂತ್ರದೊಳಕ್ಕೆ ಧೂಳಿನ ಒಂದು ಕಣವೂ ಹೋಗದಂತೆ ಮೂರು ವರ್ಷ ಕಾಪಾಡಿದೆವು. ಹೋಗಬಾರದ್ದು ಮಾತ್ರ ಬೇರೆ ದಾರಿಯಲ್ಲಿ ಹೋಯಿತು, ಮತ್ತು ಆ ದಾರಿಯ ಬಾಗಿಲು ತೆರೆದು, ಬನ್ನಿ, ಕಾಲು ತೊಳೆದುಕೊಳ್ಳಿ ಎಂದು ಕರೆದವನು ನಾನೇ.

ಕಂಪ್ಯೂಟರು ಬಂದದ್ದು ಮೊಮ್ಮಗಳು ಚಂದನಳ ಓದಿಗೆ. ನನ್ನ ಮಗನ ಮಗಳು. ಹನಕೆರೆಯಲ್ಲಿ ರೈಲು ಹತ್ತಿ ಮಂಡ್ಯದ ಕಾಲೇಜಿಗೆ ಹೋಗುತ್ತಾಳೆ. ಕೊನೆಯ ವರ್ಷಕ್ಕೆ ಒಂದು ದೊಡ್ಡ ಬರವಣಿಗೆ ಒಪ್ಪಿಸಬೇಕಂತೆ, ಇಷ್ಟವಾದ ವಿಷಯ ಆರಿಸಿಕೊಳ್ಳಿ ಎಂದರಂತೆ. ಮಿಕ್ಕ ಮಕ್ಕಳು ಏನೇನು ಆರಿಸಿಕೊಂಡರೋ, ಇವಳು ಆರಿಸಿಕೊಂಡದ್ದು ಹಾಳು ಬಾವಿಗಳನ್ನು. ನಮ್ಮೂರಿನಿಂದ ಚಿಕ್ಕರಸಿನಕೆರೆಯ ಆಚೆಯವರೆಗೆ ಎಲ್ಲೆಲ್ಲಿ ಬಾವಿ ಇದೆ, ಎಲ್ಲಿ ಇತ್ತು, ಯಾರು ತೋಡಿಸಿದರು, ಯಾರು ಮುಚ್ಚಿದರು, ಯಾವುದರಲ್ಲಿ ಈಗ ಕಬ್ಬಿನ ತರಗು ತುಂಬಿದೆ ಎಂದು ಒಂದು ವರ್ಷ ಬಿಸಿಲಲ್ಲಿ ತಿರುಗಿ, ಬಗ್ಗಿ ನೋಡಿ, ಫೋಟೋ ಹಿಡಿದು, ಮುದುಕ ಮುದುಕಿಯರನ್ನೆಲ್ಲ ಕೆದಕಿ ಬರೆದಳು. ನೀರೇ ಇಲ್ಲದ ಬಾವಿಯಿಂದ ಇಷ್ಟೊಂದು ಸೇದುವುದು ಸಾಧ್ಯವೆಂದು ನನಗೆ ಗೊತ್ತಿರಲಿಲ್ಲ. ಬರೆದದ್ದೆಲ್ಲ ಕಂಪ್ಯೂಟರಿನೊಳಗೆ, "ನಮ್ಮ ಬಾವಿಗಳು" ಎಂಬ ಹೆಸರಿನ ಒಂದು ಚಿತ್ರದ ಹಿಂದೆ ಇತ್ತು. ನಾನೂ ಶಾಲೆಯೂ ನಾಲ್ಕನೇ ತರಗತಿಗೇ ಒಬ್ಬರಿಗೊಬ್ಬರು ನಮಸ್ಕಾರ ಹೇಳಿಕೊಂಡವರು. ಇಂಗ್ಲಿಷಿನ ನಡುವೆ ಆ ಎರಡು ಕನ್ನಡ ಪದ ಪರಸ್ಥಳದಲ್ಲಿ ಸಿಕ್ಕ ನೆಂಟರ ಹಾಗೆ ಕಾಣುತ್ತಿದ್ದವು. "ಇದೊಂದ್ ಬುಟ್ರೆ ಬ್ಯಾರೆಲ್ಲೂ ಇಲ್ಲ ಕಣ್ ತಾತ, ಸೋಮವಾರ ಕೊಡ್ಬೇಕು" ಎಂದು ಅವಳು ಹೇಳಿದ್ದಳು. ಹೇಳಿ, ಎರಡನೇ ಮರಿಮಗುವಿನ ನಾಮಕರಣ ಮುಗಿಸಿಕೊಂಡು ಮೂರು ದಿನ ಮಳವಳ್ಳಿಯ ಅತ್ತೆ ಮನೆಯಲ್ಲೇ ಉಳಿದಳು. ನಾನೂ ಪುಟ್ಟಮ್ಮನೂ ಮಗುವಿಗೆ ಹರಸಿ, ಒಬ್ಬಟ್ಟು ತಿಂದು, ಆ ಸಂಜೆಯ ಬಸ್ಸಿಗೇ ಮರಳಿದೆವು.

ಇಲ್ಲಿ ನನ್ನ ಕುಲವೃತ್ತಾಂತವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ನಿಮಗೆ ಬರೀ ಪೆದ್ದುತನವಾಗಿ ಕಂಡೀತು. ನಾನು ಆಲೆಮನೆಯವನು. ಈಗ ಅದನ್ನು ನಡೆಸುವವನು ಮಗ. ಆದರೆ ನಲವತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತು ಬೆಲ್ಲದ ಪಾಕ ಇಳಿಸಿದವನು ನಾನು. ಆಲೆಮನೆಗೆ ಒಂದು ಧರ್ಮವಿದೆ: ಗಾಣ ತಿರುಗುತ್ತಿರುವಾಗ ಯಾರು ಬಂದರೂ ಇಲ್ಲ ಎನ್ನುವ ಹಾಗಿಲ್ಲ. ದಾರಿಹೋಕ ಬಂದರೆ ಒಂದು ಲೋಟ ಕಬ್ಬಿನಹಾಲು, ಮಕ್ಕಳು ಬಂದರೆ ಎಲೆಯ ಮೇಲೆ ಬಿಸಿ ಪಾಕ, ಬಾಣಂತಿ ಮನೆಯಿಂದ ಬಂದರೆ ಒಂದು ಅಚ್ಚು ಬೆಲ್ಲ. ನೀನು ಯಾರು, ಯಾಕೆ ಬಂದೆ ಎಂದು ಕೇಳುವುದು ಕೂಡ ಸಣ್ಣತನ. ಒಂದು ಸಲ ಪಕ್ಕದೂರಿನ ಗದ್ದೆಯಿಂದ ಮೋಟಾರು ಕದ್ದುಕೊಂಡು ಹೋಗುತ್ತಿದ್ದವನು ದಣಿವಾಯಿತೆಂದು ನಮ್ಮಲ್ಲಿ ಕೂತು ಎರಡು ಲೋಟ ಹಾಲು ಕುಡಿದು ಹೋದ. ಮೋಟಾರನ್ನು ಅವನ ತಲೆಗೆ ಎತ್ತಿಕೊಟ್ಟವನು ನಾನು. ಹಾಗೆ ನೋಡಿದರೆ ನಮ್ಮ ಸೀಮೆಗೇ ಈ ಪದದ ಮೇಲೆ ಮುನಿಸು. ಮನೆಯಲ್ಲಿ ಅಕ್ಕಿ ತೀರಿದರೆ ಹೆಂಗಸರು ಇಲ್ಲ ಎನ್ನದೆ ಅಕ್ಕಿ ಹೆಚ್ಚಾಗಿದೆ ಎನ್ನುತ್ತಾರೆ. ಹೊರಟು ನಿಂತವನು ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನುತ್ತಾನೆ. ಇಂಥ ನಾಡಿನಲ್ಲಿ ಎಪ್ಪತ್ತು ದಾಟಿದವನ ಬಾಯಿಗೆ 'ಇಲ್ಲ' ಎಂಬುದು ಕಟ್ಟಿಸಿಕೊಂಡ ಹಲ್ಲಿನ ಹಾಗೆ, ಇದ್ದರೂ ಕಚ್ಚಲು ಬಾರದು.

ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನನಗೆ ಹಾರ್ಮೋನಿಯಂ ಕೇಳುವ ಆಸೆ ಹುಟ್ಟಿತು. ಚಂದನ ಹೇಗೆ ಹುಡುಕಿಕೊಡುತ್ತಾಳೆಂದು ಪಕ್ಕದಲ್ಲಿ ಕೂತು ಕಲಿತಿದ್ದೆ. ಕುಲಾವಿ ತೆಗೆದೆ, ಗುಂಡಿ ಒತ್ತಿದೆ, ಹಳೆಯ ನಾಟಕದ ಮಟ್ಟುಗಳನ್ನು ಹುಡುಕಿದೆ. ಹಾಡಿನ ಬದಲು ಒಂದು ಚೌಕ ಎದ್ದು ಬಂತು. ಒಳಗೆ ಏನೋ ಇಂಗ್ಲಿಷು, ಕೆಳಗೆ ಎರಡು ಗುಂಡಿ. ಒಂದು ಹೂಂ, ಒಂದು ಊಹೂಂ, ಅಷ್ಟು ನನಗೆ ಗೊತ್ತು. ಅಪ್ಪಣೆ ಕೇಳುತ್ತಿದೆ ಪಾಪ, ನನ್ನಂಥವನ ಅಪ್ಪಣೆ. ಕಚೇರಿಯ ಜವಾನನೂ ನನ್ನನ್ನು ಇಷ್ಟು ಮರ್ಯಾದೆಯಿಂದ ಕೇಳಿದ್ದಿಲ್ಲ. ಹೂಂ ಎಂದೆ. ಇನ್ನೊಂದು ಬಂತು, ಅದಕ್ಕೂ ಹೂಂ. ಒಬ್ಬನಿಗೆ ಕಬ್ಬಿನಹಾಲು ಕೊಟ್ಟ ಸುದ್ದಿ ತಿಳಿದು ಇಡೀ ದಿಬ್ಬಣವೇ ಇಳಿದ ಹಾಗೆ ಅವು ಬರತೊಡಗಿದವು, ನಾನೂ ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಅರ್ಧ ಗಂಟೆಯಲ್ಲಿ ಗಾಜಿನ ಮೇಲೆ ಕೂದಲುದುರುವುದಕ್ಕೆ ಎಣ್ಣೆ, ಮಂಡಿನೋವಿಗೆ ಪಟ್ಟಿ, ಯಾವ ದೇಶದ್ದೋ ಜೂಜು, ಕೊನೆಗೆ ಬಟ್ಟೆಯ ವಿಷಯದಲ್ಲಿ ಬಹಳ ಜಿಪುಣಿಯಾದ ಒಬ್ಬ ಹೆಣ್ಣುಮಗಳು ಬಂದು ನಿಂತರು. ಅದೇ ಹೊತ್ತಿಗೆ ಪುಟ್ಟಮ್ಮ ಮಜ್ಜಿಗೆ ತಂದಳು. ನೋಡಿದಳು. ಮಜ್ಜಿಗೆಯನ್ನು ವಾಪಸು ತೆಗೆದುಕೊಂಡು ಹೋದಳು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿದ ಅತಿ ದೊಡ್ಡ ಬೈಗುಳ ಅದು.

ಆಮೇಲೆ ಬಂದದ್ದು ವೈದ್ಯ. ಕೆಂಪು ಚೌಕ, ಅದರೊಳಗೆ ಗುರಾಣಿಯ ಚಿತ್ರ, ಗಂಟೆಯ ಸದ್ದು. ನಿಮ್ಮ ಯಂತ್ರಕ್ಕೆ ರೋಗ ತಗುಲಿದೆ, ಇಲ್ಲಿ ಒತ್ತಿದರೆ ಈಗಲೇ ಗುಣ ಎನ್ನುವ ಅರ್ಥ ಚಿತ್ರದಿಂದಲೇ ತಿಳಿಯುತ್ತಿತ್ತು. ಕಷ್ಟದಲ್ಲಿ ಕರೆಯದೆ ಬಂದ ವೈದ್ಯ ದೇವರ ಸಮಾನ ಎಂದುಕೊಂಡು ಒತ್ತಿದೆ. ಅದು ಕೂತ ಮೇಲೆ ಗಂಟೆಯ ಸದ್ದು ಎರಡರಷ್ಟಾಯಿತು. ಸರಿ, ಕಬ್ಬಿನ ಗದ್ದೆಗೆ ಒಬ್ಬ ಕಾವಲಿನವನನ್ನಿಟ್ಟರೆ ಅವನ ಮೇಲೆ ಕಣ್ಣಿಡಲು ಇನ್ನೊಬ್ಬನನ್ನಿಡುವುದು ನಮ್ಮ ಪದ್ಧತಿ. ಇನ್ನೊಂದು ಗುರಾಣಿ ಬಂದಾಗ ಅದನ್ನೂ ಒಳಗೆ ಬಿಟ್ಟೆ. ಇಬ್ಬರೂ ಒಬ್ಬರನ್ನೊಬ್ಬರು ಕಳ್ಳ ಎಂದು ಕೂಗತೊಡಗಿದರು. ನ್ಯಾಯವಾಗಿ ಹೇಳಬೇಕೆಂದರೆ ಇಬ್ಬರು ಹೇಳಿದ್ದೂ ನಿಜವಾಗಿತ್ತು. ಆ ಗದ್ದಲದಲ್ಲಿ ಕಂಪ್ಯೂಟರು ಮೊದಲು ಎಮ್ಮೆಯ ಹಾಗೆ ನಿಧಾನವಾಯಿತು, ಆಮೇಲೆ ಎಮ್ಮೆಯ ಹಾಗೆ ನಿಂತೇಬಿಟ್ಟಿತು. ನಿಲ್ಲುವ ಮೊದಲು "ನಮ್ಮ ಬಾವಿಗಳು" ಎಂಬ ಹೆಸರಿನ ಮೇಲೆ ಒತ್ತಿ ನೋಡಿದೆ. ತೆರೆಯಲಿಲ್ಲ. ಮುದ್ದಾಗಿದ್ದ ಚಿತ್ರ ಹೋಗಿ ಬರೀ ಬಿಳಿ ಕಾಗದವಾಗಿತ್ತು.

ಚಂದನಳ ಒಂದು ವರ್ಷದ ಬಿಸಿಲು ಅದರೊಳಗಿತ್ತು. ಸೋಮವಾರಕ್ಕೆ ನಡುವೆ ಎರಡೇ ದಿನ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮದ್ದೂರಿಗೆ ಹೊರಟೆ. ಕಂಪ್ಯೂಟರಿನ ಗಾಜು, ಪೆಟ್ಟಿಗೆ, ಅಕ್ಷರದ ಹಲಗೆ, ಇಲಿ, ಅಷ್ಟನ್ನೂ ಎರಡು ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದಿದ್ದೆ. ಚೀಲಗಳ ಮೇಲೆ ಬೆಲ್ಲದ ಗುರುತು ಇದ್ದದ್ದರಿಂದ ದಾರಿಯುದ್ದಕ್ಕೂ ನಾಲ್ಕು ಜನ ಈ ಸಲ ಬೆಲ್ಲ ಹೆಂಗೈತೆ ಗೌಡ್ರೆ ಎಂದು ವಿಚಾರಿಸಿದರು. ಹಳಸಿದೆ ಎಂದು ಹೇಳಲು ಬಾಯಿ ಬರಲಿಲ್ಲ, ಚೆನ್ನಾಗೈತೆ ಎಂದೆ. ನೋಡಿ, ಅಲ್ಲೂ ಹೂಂ.

ಮದ್ದೂರಿನ ಬಸ್‌ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಸೀಮಾಳ ಅಂಗಡಿ. ಅವಳ ತಂದೆ ಅನ್ವರ್ ಸಾಬರು ನಮ್ಮ ಗಾಣದ ಎಂಜಿನ್ನನ್ನು ಮೂವತ್ತು ವರ್ಷ ರಿಪೇರಿ ಮಾಡಿದವರು. ಎಂಜಿನ್ನಿನ ಕೆಮ್ಮು ಕೇಳಿಯೇ ಎಲ್ಲಿ ನೋವೆಂದು ಹೇಳುತ್ತಿದ್ದರು. ಮಗಳು ಅದೇ ಅಂಗಡಿಯಲ್ಲಿ ಎಣ್ಣೆಯ ವಾಸನೆ ತೊಳೆದು, ಕಂಪ್ಯೂಟರು ರಿಪೇರಿ ಹಾಕಿಕೊಂಡಿದ್ದಾಳೆ. ಸಾಬರು ಈಗ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಬೀದಿ ನೋಡುತ್ತಾರೆ. ನಾನು ಚೀಲ ಬಿಚ್ಚಿದಾಗ ನಸೀಮಾ ಒಂದೊಂದೇ ಹೊರಬರುವುದನ್ನು ನೋಡುತ್ತಿದ್ದು, ಕೊನೆಗೆ ಪುಟ್ಟಮ್ಮ ದೃಷ್ಟಿಯಾಗದಿರಲೆಂದು ಸೇರಿಸಿದ್ದ ಕುಲಾವಿಯೂ ಬಂದಾಗ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಪೆಟ್ಗೆ ಒಂದು ತಂದಿದ್ರೆ ಸಾಕಿತ್ತು ಕಣ್ ತಾತ. ಮನೆ ಮಂದೀನೆಲ್ಲ ಯಾಕ್ ಎಬ್ಬಿಸ್ಕಂಡ್ ಬಂದ್ರಿ?"

ನಡೆದದ್ದನ್ನು ಹೇಳಿದೆ. ಬಟ್ಟೆಯ ಜಿಪುಣಿಯನ್ನು ಮಾತ್ರ ಬಿಟ್ಟೆ. ಅವಳು ಪೆಟ್ಟಿಗೆಯನ್ನು ತನ್ನ ಗಾಜಿಗೆ ಜೋಡಿಸಿ, ಹೊರಗಿನ ಸಂಪರ್ಕ ಮೊದಲು ಕತ್ತರಿಸಿ, ಯಂತ್ರವನ್ನು ಅರೆನಿದ್ದೆಯಲ್ಲೇ ಎಬ್ಬಿಸಿದಳು. ಹೀಗೆ ಎಬ್ಬಿಸಿದರೆ ಅದರ ಸ್ವಂತ ಅಂಗಾಂಗ ಮಾತ್ರ ಏಳುತ್ತವೆ, ಮೈಮೇಲೆ ಬಂದ ದೆವ್ವಗಳು ಮಲಗಿಯೇ ಇರುತ್ತವಂತೆ. ಒಳಗೆ ಏನೇನು ಕೂತಿದೆ ಎಂಬ ಪಟ್ಟಿ ನೋಡುತ್ತಾ ನೋಡುತ್ತಾ ಅವಳ ಹುಬ್ಬು ತಲೆಯ ಮೇಲಿನ ಸೆರಗಿನೊಳಕ್ಕೆ ಹೋಯಿತು. ಒಂದಕ್ಕಾದರೂ ಬೇಡ ಅಂದಿದ್ದೀರಾ ಎಂದು ಕೇಳಿದಳು. ಮನೆಗೆ ಬಂದವರನ್ನು ಹೇಗಮ್ಮಾ ಎಂದೆ. ಬೆಂಚಿನ ಮೇಲಿಂದ ಸಾಬರು ಕಿಸಕ್ಕೆಂದರು.

ಬೇಡದವರನ್ನು ಅವಳು ಒಬ್ಬೊಬ್ಬರನ್ನಾಗಿ ಹೊರಹಾಕುವುದನ್ನು ನೋಡುತ್ತಾ ನನಗೆ ಕೊಪ್ಪರಿಗೆ ನೆನಪಾಯಿತು. ಕಬ್ಬಿನಹಾಲು ತಣ್ಣಗಿರುವಾಗ ಬಹಳ ಸಭ್ಯವಾಗಿ ಕಾಣುತ್ತದೆ. ಬೆಂಕಿ ಹಾಕಿ, ಬೆಂಡೆಗಿಡದ ಲೋಳೆ ಹಿಂಡಿದ ಮೇಲೆಯೇ ಅದರ ಹೊಟ್ಟೆಯೊಳಗಿನ ಕಸವೆಲ್ಲ ನೊರೆಯಾಗಿ ಮೇಲಕ್ಕೆ ಬರುವುದು. ಆಗ ಜರಡಿ ಹಿಡಿದು ಸಾವಧಾನವಾಗಿ ತೆಗೆಯಬೇಕು. ಅವಸರಪಟ್ಟವನು ನೊರೆಯ ಜೊತೆ ಪಾಕವನ್ನೂ ಚೆಲ್ಲುತ್ತಾನೆ, ಸೋಮಾರಿಯಾದವನು ಪಾಕದ ಜೊತೆ ನೊರೆಯನ್ನೂ ಅಚ್ಚಿಗೆ ಹಾಕುತ್ತಾನೆ. ಮನುಷ್ಯರ ವಿಷಯವೂ ಅಷ್ಟೇ ಇರಬೇಕು. ನಾವೆಲ್ಲ ತಣ್ಣಗಿರುವಾಗ ಎಷ್ಟು ತಿಳಿಯಾಗಿರುತ್ತೇವೆ! ಈ ಮಾತನ್ನು ನಸೀಮಾಳಿಗೆ ಹೇಳಿದೆ. ಅವಳು ನಿಮ್ ಪಾಕ ಆಮೇಲೆ ತಾತ, ಮೊದ್ಲು ಈ ಗುರಾಣಿ ಯಾರ್ದು ಹೇಳಿ ಎಂದಳು.

ಎರಡು ಗುರಾಣಿಗಳೂ ನಕಲಿ ಎಂದು ಹೀಗೆ ತಿಳಿಯಿತು. ರೋಗ ತಂದವರೇ ವೈದ್ಯರ ವೇಷ ಹಾಕಿ ಬಂದಿದ್ದರು. ಹಾಗಾದರೆ ಅಸಲಿ ಕಾವಲುಗಾರನನ್ನು ಆರಿಸುವುದು ಹೇಗೆ? ಆ ಬೆಳಿಗ್ಗೆ ಬಸ್ಸಿನಲ್ಲಿಯೇ, ಚೀಲದ ಸುದ್ದಿ ಎತ್ತದೆ ವಿಚಾರಿಸಿದಾಗ, ನನಗೆ ಮೂರು ಮತ ಸಿಕ್ಕಿದ್ದವು: ಬಿಟ್ಟಿ ಸಿಕ್ಕುವುದು ಬಿಟ್ಟಿಯಂತೆಯೇ ಕಾಯುತ್ತದೆ ಎಂದು ಒಬ್ಬರು, ಕೊಂಡದ್ದೂ ಮಲಗುತ್ತದೆ ಎಂದು ಇನ್ನೊಬ್ಬರು, ಕಂಪ್ಯೂಟರಿಗೆ ಒಂದು ನಿಂಬೆಹಣ್ಣು ಕಟ್ಟಿ ಎಂದು ಕಂಡಕ್ಟರು. ನಸೀಮಾ ಹೇಳಿದ್ದು ಸರಳವಾಗಿತ್ತು. ಒಂದು ಮನೆಗೆ ಒಂದೇ ಸಾಕು. ಎರಡಿಟ್ಟರೆ ಕಳ್ಳನನ್ನು ಬಿಟ್ಟು ಪರಸ್ಪರ ಕಚ್ಚಾಡುತ್ತವೆ. ಯಂತ್ರದ ಜೊತೆಯಲ್ಲೇ ಹುಟ್ಟಿ ಬಂದ ಕಾವಲೊಂದು ಇರುತ್ತದೆ, ಅದಕ್ಕೆ ದಿನದಿನದ ಹೊಸ ಕಳ್ಳರ ಚಹರೆ ತಿಳಿಸುತ್ತಿದ್ದರೆ ನಮ್ಮಂಥವರ ಮನೆಗೆ ಬಹುಪಾಲು ಸಾಲುತ್ತದೆ. ಬೇರೆಯದು ಬೇಕೆಂದರೆ ಅದನ್ನು ಮಾಡಿದವರ ಮನೆಬಾಗಿಲಿಗೇ ಹೋಗಿ ತರಬೇಕೇ ಹೊರತು ದಾರಿಯಲ್ಲಿ ಕೈಹಿಡಿದು ಎಳೆದವರಿಂದಲ್ಲ. ಮತ್ತೆ, ಸದ್ದು ಮಾಡುವುದನ್ನು ನಂಬಬಾರದು.

ಈ ಕೊನೆಯ ಮಾತು ನನಗೆ ನೇರವಾಗಿ ನಾಟಿತು. ನಮ್ಮ ಕಬ್ಬಿನ ಗದ್ದೆಗೆ ಒಬ್ಬ ಕಾವಲಿನವನಿದ್ದ. ಹೊತ್ತು ಇಳಿದಾಗಿನಿಂದ ಕೂ ಎಂದು ಕೂಗುತ್ತಲೇ ಇರುತ್ತಿದ್ದ, ಊರೆಲ್ಲ ಅವನ ನಿಯತ್ತನ್ನು ಹೊಗಳುತ್ತಿತ್ತು. ಆ ಕೂಗು ಹಂದಿಗಳಿಗೆ ಬಹಳ ಅನುಕೂಲವಾಗಿತ್ತು, ಅವನು ಯಾವ ಮೂಲೆಯಲ್ಲಿದ್ದಾನೆಂದು ತಿಳಿದು ಅವು ಇನ್ನೊಂದು ಮೂಲೆಯಲ್ಲಿ ಊಟ ಮಾಡುತ್ತಿದ್ದವು. ಅವನ ಬಳಿಕ ಬಂದವನು ಬಾಯೇ ಬಿಡದ ಮನುಷ್ಯ, ನಿದ್ದೆ ಮಾಡುತ್ತಾನೆಂದು ನಾನೇ ಬೈದಿದ್ದೆ. ಆ ವರ್ಷ ಒಂದು ಜಲ್ಲೆಯೂ ಹೋಗಲಿಲ್ಲ. ಕಾವಲುಗಾರನನ್ನು, ವೈದ್ಯನನ್ನು, ಬಹುಶಃ ದೇವರನ್ನು ಕೂಡ ಗಂಟೆಯ ಸದ್ದಿನಿಂದ ಅಳೆಯುವುದು ನಮ್ಮ ಹಳೆಯ ರೋಗ. ಇದಕ್ಕೆ ಮದ್ದು ಯಾವ ಅಂಗಡಿಯಲ್ಲೂ ಇಲ್ಲ.

ಅಸಲಿ ಕಾವಲನ್ನು ಎಬ್ಬಿಸಿ, ಇಡೀ ಪೆಟ್ಟಿಗೆಯನ್ನು ಮೂಲೆಮೂಲೆ ಸೋಸಲು ಹಚ್ಚಿ, ನಸೀಮಾ ತನ್ನ ಮಗಳನ್ನು ಶಾಲೆಯಿಂದ ಕರೆತರಲು ಎದ್ದಳು. ಶನಿವಾರ ಅರ್ಧ ದಿನದ ಶಾಲೆ. ಹೊರಡುವಾಗ ನನ್ನ ಮುಂದೆ ಬೆರಳಾಡಿಸಿದಳು. "ಏನೇ ಕೇಳ್ಲಿ, ಮುಟ್ಬ್ಯಾಡಿ. ಕೈ ಕಟ್ಕಂಡ್ ಕೂತ್ಕಳಿ."

ಕೈ ಕಟ್ಟಿ ಕೂತೆ. ಗಾಜಿನ ಮೇಲೆ ಹಸಿರು ಪಟ್ಟಿಯೊಂದು ಎಳೆಯ ಹಾವಿನ ಹಾಗೆ ಮುಂದೆ ಸರಿಯುತ್ತಿತ್ತು. ಸಾಬರು ಬೀದಿ ನೋಡುತ್ತಿದ್ದರು. ಇದ್ದಕ್ಕಿದ್ದ ಹಾಗೆ ಪಟ್ಟಿ ನಿಂತು ಒಂದು ಚೌಕ ಎದ್ದಿತು. ರೋಗ ತಗುಲಿದ್ದರ ಯಾದಿ, ಎಲ್ಲ ಇಂಗ್ಲಿಷು; ಸಾಲು ಸಾಲಿನ ನಡುವೆ, ಕೆಳಗಿನಿಂದ ಮೂರನೆಯದು, ಕನ್ನಡದಲ್ಲಿ, "ನಮ್ಮ ಬಾವಿಗಳು". ಅದರ ಪಕ್ಕದಲ್ಲಿ ಕಸದ ಬುಟ್ಟಿಯ ಚಿತ್ರ. ಕೆಳಗೆ ಅದೇ ಎರಡು ಗುಂಡಿ. ಅವುಗಳ ಮೇಲೆ ಒಂದು ಅಂಕಿ, ಅರವತ್ತರಿಂದ ಕೆಳಗಿಳಿಯುತ್ತಿತ್ತು. ಅಂಕಿ ಓದಲು ಯಾವ ತರಗತಿಯೂ ಬೇಡ. ಅಂಕಿ ಮುಗಿದರೆ ಬುಟ್ಟಿಗೆ ಹಾಕುತ್ತೇನೆ ಎಂದು ಅದು ಹೇಳುತ್ತಿದೆ ಎಂಬುದೂ ತಿಳಿಯಿತು. ಬಾಗಿಲಿಗೆ ಹೋಗಿ ನೋಡಿದೆ, ನಸೀಮಾಳ ಸುಳಿವಿಲ್ಲ. ಮರಳಿದಾಗ ನಲವತ್ತು. ಮುಟ್ಟಬೇಡ ಎಂದಿದ್ದಾಳೆ, ಮುಟ್ಟದಿದ್ದರೆ ಹೋಗುತ್ತದೆ. ಹೂಂ ಒತ್ತಿದರೂ ಹೋಗುತ್ತದೆ. ಉಳಿದದ್ದು ನನ್ನ ಜೀವಮಾನದಲ್ಲಿ ನಾನು ಒತ್ತದ ಗುಂಡಿ. ಬೆರಳು ಅಭ್ಯಾಸದಿಂದ ತಾನಾಗಿಯೇ ಹೂಂ ಕಡೆಗೆ ಹೋಯಿತು, ಎತ್ತನ್ನು ಎಳೆದ ಹಾಗೆ ಎಳೆದು ಈಚೆಗೆ ತಂದೆ. ಬಾವಿ ಬಾವಿಗೆ ಬಗ್ಗಿ ನೋಡುವ ಮಗುವಿನ ಬೆನ್ನು, ಬೆವರಿಗೆ ಅಂಟಿದ ಅವಳ ಅಂಗಿ ಕಣ್ಣಮುಂದೆ ಬಂತು. ಹನ್ನೊಂದು ಇದ್ದಾಗ ಒತ್ತಿದೆ.

ಊಹೂಂ.

ಚೌಕ ಮರ್ಯಾದೆಯಿಂದ ಹೊರಟುಹೋಯಿತು. ಯಾರೂ ಮುನಿಯಲಿಲ್ಲ, ಆಕಾಶ ಬೀಳಲಿಲ್ಲ. ಇಲ್ಲ ಎಂದರೆ ಇಷ್ಟೇನೇ ಎಂದು ನನಗೆ ಆಶ್ಚರ್ಯವಾಯಿತು. ಎಪ್ಪತ್ತು ವರ್ಷ ಇದಕ್ಕೆ ಹೆದರಿ ನಾನು ಎಷ್ಟು ಪಂಚಾಯಿತಿಗಳಲ್ಲಿ ಕೂತೆ, ಎಷ್ಟು ಜನರ ಮದುವೆಯ ಓಲಗಕ್ಕೆ ಹೋದೆ, ಎಷ್ಟು ಕೆಟ್ಟ ಸಾರಿಗೆ ಇನ್ನೊಂದು ಸೌಟು ಹಾಕಿಸಿಕೊಂಡೆ!

ನಸೀಮಾ ಬಂದು ಮೊದಲು ಬೈದಳು. ಆಮೇಲೆ ಯಾದಿಯನ್ನು ಮತ್ತೆ ತೆರೆದು ಬಗ್ಗಿ ನೋಡಿದಳು. ಆ ಬರಹಕ್ಕೂ ರೋಗ ಅಂಟಿದೆ, ಕಾವಲು ರೋಗಿಯನ್ನೂ ಸೇರಿಸಿ ಎಸೆಯಲು ಹೊರಟಿತ್ತು ಎಂದಳು. ತಾನು ಹೊರಡುವ ಮುನ್ನ ಏನನ್ನೂ ತಾನಾಗಿ ಎಸೆಯಬೇಡ ಎಂದು ಅದಕ್ಕೆ ತಿಳಿಸಬೇಕಿತ್ತೆಂದು ತನ್ನನ್ನೂ ಒಂದಿಷ್ಟು ಬೈದುಕೊಂಡಳು. ಬರಹವನ್ನು ಬೇರೆ ಕೋಣೆಯಲ್ಲಿ ಕೂರಿಸಿದ ಹಾಗೆ ಪ್ರತ್ಯೇಕಿಸಿ, ರೋಗದ ಭಾಗವನ್ನು ಬಿಡಿಸಿ ತೆಗೆಯಲು ಇನ್ನೊಂದು ಗಂಟೆ ಹಿಡಿಯಿತು. ತೆರೆದಾಗ ಮೊದಲ ಪುಟದ ಬಾವಿಯ ಫೋಟೋ ಕಾಣಿಸಿತು. ಆ ಪಾಳು ಬಾವಿಗೆ ನಾನು ಕೈ ಮುಗಿದೆ.

ಎಲ್ಲ ಪುಟವೂ ಇದೆಯೇ ಎಂದು ನೋಡಲು ಅವಳು ಕೊನೆಯವರೆಗೆ ಓಡಿಸಿದಳು. ಕೊನೆಯ ಬಾವಿ ನಮ್ಮ ಆಲೆಮನೆಯದು. ನಸೀಮಾ ನಗುತ್ತಾ ಗಟ್ಟಿಯಾಗಿ ಓದಿದಳು: ಒಮ್ಮೆ ಈ ಬಾವಿಗೆ ಎಳೆಗರುವೊಂದು ಬಿದ್ದಾಗ ನನ್ನ ತಾತ ಸೊಂಟಕ್ಕೆ ಹಗ್ಗ ಬಿಗಿದು ಇಳಿದು ಅದನ್ನು ಹೆಗಲ ಮೇಲೆ ಹೊತ್ತು ತಂದರು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಮಾಹಿತಿ ನೀಡಿದವರು ನನ್ನ ತಾತ, ಅರ್ಧ ಸುಳ್ಳಿರಬಹುದು, ಯಾವ ಅರ್ಧ ಎಂಬುದನ್ನು ಪರಿಶೀಲಿಸಬೇಕು.

ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ. ಮೊಮ್ಮಗಳೆಂದರೆ ಹೀಗಿರಬೇಕು, ಹೂಂ ಹೂಂ ಎನ್ನುವ ವಂಶದಲ್ಲಿ ನಿಂತು ತಾತನ ಮೇಲೇ ಪರಿಶೀಲನೆ ಹಾಕಿದ್ದಾಳೆ! ಆ ಸಂತೋಷದ ಮಧ್ಯೆ ನಸೀಮಾ ಬೆಂಚಿನ ಮೇಲಿದ್ದ ತಂದೆಯ ಕಡೆಗೆ ತಿರುಗಿ, ಅಬ್ಬಾಜಾನ್, ನೀವೂ ಆಗ ಅಲ್ಲೇ ಕೆಲಸಕ್ಕಿದ್ದಿರಲ್ಲ, ಇದು ನಿಜವೇ ಎಂದು ಕೇಳಿದಳು.

ಸಾಬರು ಬೀದಿಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ತುಂಬ ಹೊತ್ತೇನೂ ಅಲ್ಲ.

"ಹೂಂ ಕಣಮ್ಮ. ಗೌಡ್ರೇ ಇಳ್ದಿದ್ದು. ನಾನು ಮ್ಯಾಲ್ ನಿಂತಿದ್ದೆ."

ಟೀ ಬಂತು. ಕುಡಿದೆ. ಒಂದು ಗಂಟೆಯ ಹಿಂದೆಯಷ್ಟೇ ಕಲಿತ ಆ ಪದ ಗಂಟಲಲ್ಲೇ ಇತ್ತು, ಹೇಳಲಿಲ್ಲ. ಬಸ್ಸಿನಲ್ಲಿ ಗೋಣಿಚೀಲ ತಬ್ಬಿಕೊಂಡು ಬರುವಾಗ ಕಿಟಕಿಯಾಚೆ ಕಬ್ಬಿನ ಗರಿಗಳು ಅಲ್ಲಾಡುತ್ತಿದ್ದವು, ಎಲ್ಲವೂ ಊಹೂಂ ಎಂದು ತಲೆಯಾಡಿಸುತ್ತಿರುವ ಹಾಗೆ ನನಗೆ ಕಂಡಿತು. ಆ ಕರು ಬಿದ್ದ ದಿನ ಬಾವಿಗೆ ಇಳಿದವರು ಅನ್ವರ್ ಸಾಬರು. ಎಂಜಿನ್ ರಿಪೇರಿಗೆ ಬಂದಿದ್ದವರು, ಕೈಯ ಎಣ್ಣೆ ಕೂಡ ಒರೆಸಿಕೊಳ್ಳದೆ ಇಳಿದರು. ಮಾರನೆಯ ದಿನ ಹಾಲು ಕುಡಿಯಲು ಬಂದ ಯಾರೋ ಕರುವನ್ನು ನೀವೇ ಎತ್ತಿದಿರಂತೆ ಗೌಡ್ರೆ ಎಂದರು, ನಾನು ಹೂಂ ಎಂದೆ. ಅಷ್ಟೇ. ಬರುವವರಿಗೆಲ್ಲ ಹಾಲಿನ ಜೊತೆ ಆ ಕಥೆಯನ್ನೂ ಕೊಡುತ್ತಾ ಬಂದೆ. ಕಥೆ ಬೆಳೆಯಿತು, ಕರು ಕೂಡ ಕಥೆಯೊಳಗೆ ಎತ್ತಾಯಿತು. ಸಾಬರು ಎಷ್ಟೋ ಸಲ ಅದೇ ಆಲೆಮನೆಯಲ್ಲಿ ಅದೇ ಕಥೆ ಕೇಳುತ್ತಾ ಲೋಟ ಹಿಡಿದು ಕೂತಿದ್ದರು. ನಮ್ಮ ಹಾಲು ಕುಡಿದ ಒಂದೇ ಕಾರಣಕ್ಕೆ ಅವರೂ ಇಲ್ಲ ಎನ್ನಲಿಲ್ಲ. ನನ್ನ ಹೂಂ ಧಾರಾಳವೆಂದು ಬೀಗಿದ್ದೆ, ಧಾರಾಳವೆಂದರೆ ಅವರದು. ಯಾರೂ ಕೇಳದೆ ಒಳಗೆ ಬಂದು ಸದ್ದಿಲ್ಲದೆ ಕೂತು ವರ್ಷಗಟ್ಟಲೆ ಬೆಳೆಯುವ ಇಂಥದ್ದನ್ನು ಯಾವ ಹಸಿರು ಪಟ್ಟಿ ಹುಡುಕೀತು?

ಭಾನುವಾರ ಚಂದನ ಮಳವಳ್ಳಿಯಿಂದ ಬಂದಳು. ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ, ಜಿಪುಣಿಯನ್ನೂ ಸೇರಿಸಿ. ಅವಳು ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಬಾವಿ ನೋಡಿದಳು. ಪುಟ್ಟಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಕೊನೆಯ ಬಾವಿಗೆ ಬಂದಾಗ ಮಗುವಿನ ಭುಜ ಸಡಿಲವಾಯಿತು. ಎಲ್ಲ ಇದೆ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿತ್ತು, ಆದರೆ ಅದರ ಕಾಲು ಆಗಲೇ ಜಾರುತ್ತಿತ್ತು.

"ನಾಳೆ ಕೊಡ್ಬೇಕು. ಈಗ್ಲಾದ್ರೂ ಹೇಳ್ಬುಡು ತಾತ, ಇದ್ರಲ್ಲಿ ಯಾವರ್ಧ ಸುಳ್ಳು?"

"ಇಳ್ದೋನು ನಾನಲ್ಲ ಕಣ್ ಮಗ. ಅನ್ವರ್ ಸಾಬ್ರು."

ಬಾಗಿಲಿನಿಂದ ಪುಟ್ಟಮ್ಮನ ದನಿ ಬಂತು, ಸೊಪ್ಪು ಬಿಡಿಸುತ್ತಲೇ.

"ನಂಗ್ ಅವತ್ತೇ ಗೊತ್ತಿತ್ತು. ನಿಮ್ಗೆ ಈಜಾಕೇ ಬರಾಕಿಲ್ವಲ್ಲ."

ಇಷ್ಟು ವರ್ಷ ನನ್ನ ಪಕ್ಕದಲ್ಲಿ ಮಲಗಿ ಎದ್ದವಳಿಗೆ ಗೊತ್ತಿತ್ತು, ಸಾಬರಿಗೆ ಗೊತ್ತಿತ್ತು. ನನ್ನ ಸುಳ್ಳಿಗೆ ಮೋಸ ಹೋಗಿದ್ದವನು ಇಡೀ ಹೋಬಳಿಯಲ್ಲಿ ನಾನೊಬ್ಬನೇ. ನಗು ಬಂತು. ಸಣ್ಣಗೆ ಬಂದದ್ದು, ಪಾಕ ಉಕ್ಕಿದ ಹಾಗೆ ಉಕ್ಕಿ ಮೂವರನ್ನೂ ಹಿಡಿದುಕೊಂಡಿತು. ಚಂದನ ಕಣ್ಣೊರೆಸಿಕೊಂಡು ನನ್ನ ಹೆಸರಿದ್ದ ಕಡೆ ಸಾಬರ ಹೆಸರು ಹಾಕಿದಳು. ಹಾಗಾದರೆ ನೀನೇನು ಮಾಡುತ್ತಿದ್ದೆ ಎಂದು ಕೇಳಿದಳು. ಹಗ್ಗ ಹಿಡಿದಿದ್ದೆ ಎಂದೆ. ಹಗ್ಗ ಹಿಡಿದವರು ನನ್ನ ತಾತ ಎಂದು ಟೈಪು ಹೊಡೆದು, ಹುಬ್ಬೇರಿಸಿ ನನ್ನನ್ನೇ ನೋಡುತ್ತಾ ಕಾದಳು. ಕಾಯುವುದರಲ್ಲಿ ಈ ಹುಡುಗಿ ಆ ಬಾಯಿಬಿಡದ ಕಾವಲಿನವನನ್ನೂ ಮೀರಿಸುತ್ತಾಳೆ.

"ಅದ್ನೂ ಗಾಣದ್ ಕಂಬಕ್ ಕಟ್ಟಿತ್ತು ಕಣವ್ವ" ಎಂದೆ.

ಆ ಸಾಲನ್ನೂ ಅವಳು ತಿದ್ದಿದಳು. ಕೆಳಗಿನ ಟಿಪ್ಪಣಿಯನ್ನು, ಅರ್ಧ ಸುಳ್ಳಿರಬಹುದು ಎಂಬುದನ್ನು, ಪೂರ್ತಿ ಅಳಿಸಿದಳು. ಮುಚ್ಚಲು ಹೋದಾಗ ಕಂಪ್ಯೂಟರು ಮತ್ತೆ ಚೌಕವೊಂದನ್ನು ಎಬ್ಬಿಸಿ ಏನೋ ಕೇಳಿತು. ಅವಳು ಇಲಿಯನ್ನು ನನ್ನ ಕಡೆಗೆ ಸರಿಸಿದಳು. ಏನು ಕೇಳುತ್ತಿದೆ ಎಂದು ವಿಚಾರಿಸಿದೆ. ಬದಲಾಯಿಸಿದ್ದನ್ನು ಹೀಗೇ ಉಳಿಸಿಕೊಳ್ಳಲೇ ಎಂದು ಕೇಳುತ್ತಿದೆಯಂತೆ. ಕನ್ನಡಕ ತರಿಸಿ, ಸಾಬರ ಹೆಸರಿದ್ದ ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ, ಅಕ್ಷರ ಅಕ್ಷರವಾಗಿ ಓದಿದೆ. ಓದಿದ ಮೇಲೆ ಹೂಂ ಎಂದು ಒತ್ತಿದೆ.